ಜೇನುಬಂಡೆಯ ಹಗ್ಗ

"ಅಯ್ಯನವರೇ, ನನ್ನ ಹೊಣೆ ಇನ್ನೂ ಮುಗಿಯಲಿಲ್ಲವೇ?" ಎಂದು ಶಿಷ್ಯ ಸತ್ಯಮಿತ್ರ ಗುರುಗಳನ್ನು ಕೇಳಿದ. ಅವನು ಕಾಡಿನ ಹಾಡಿಯೊಂದರಲ್ಲಿ ಗಾರೆ ಕೆಲಸವನ್ನೂ ಕ್ರಿಸ್ತನ ಮಾರ್ಗವನ್ನೂ ಕಲಿಸುತ್ತಿದ್ದ. "ಹಾಡಿಯ ಬೊಮ್ಮನಿಗೆ ಕರಣೆ ಹಿಡಿಯಲು ಕಲಿಸಿದೆ. ದೀಕ್ಷಾಸ್ನಾನ ಕೊಡಿಸಿದೆ. ಹಾಡಿಯವರು ಅವನನ್ನು ದೂರವಿಟ್ಟಾಗ ಪಟ್ಟಣದಲ್ಲಿ ಕೆಲಸಕ್ಕೂ ಸೇರಿಸಿದೆ. ಈಗ ನೋಡಿದರೆ, ಇಲ್ಲಿ ನನ್ನವರು ಯಾರೂ ಇಲ್ಲ, ಭಯವಾಗುತ್ತದೆ, ಒಮ್ಮೆ ಬನ್ನಿ ಎಂದು ಮತ್ತೆ ಮತ್ತೆ ಹೇಳಿಕಳಿಸುತ್ತಿದ್ದಾನೆ. ದಿನವೂ ಅವನಿಗಾಗಿ ಪ್ರಾರ್ಥಿಸುತ್ತೇನೆ. ಇನ್ನೇನು ಮಾಡಲಿ?"

"ಯೇಸುವನ್ನು ಶಿಲುಬೆಗೆ ಒಪ್ಪಿಸಿ ಕೈ ತೊಳೆದುಕೊಳ್ಳಲು ಪಿಲಾತನಿಗೂ ನೀರು ಸಿಕ್ಕಿತ್ತು" ಎಂದರು ಗುರುಗಳು. "ಕತೆ ಕೇಳು."

ಒಂದು ಬೆಟ್ಟದಲ್ಲಿ ಜೇನು ಕೀಳುವವನೊಬ್ಬನಿದ್ದ. ಬಂಡೆಯ ನೆತ್ತಿಯಿಂದ ಹಗ್ಗಕ್ಕೆ ಜೋತು ಇಳಿದು ಹೆಜ್ಜೇನು ಕೀಳುವುದು ಅವನ ಕುಲದ ಕಸುಬು. ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ಅಣ್ಣನೇ ಆಗಿರಬೇಕು ಎಂಬುದು ಅಲ್ಲಿಯ ಕಟ್ಟಳೆ. ಎಷ್ಟೇ ಜಗಳವಿರಲಿ, ತಂಗಿ ವಿಧವೆಯಾಗಲೆಂದು ಯಾವ ಅಣ್ಣನೂ ಹಗ್ಗ ಬಿಡುವುದಿಲ್ಲ.

ಆ ಬೆಟ್ಟಕ್ಕೆ ಒಬ್ಬ ಉಪದೇಶಿ ಬಂದ. ಒಳ್ಳೆಯವನೇ. ಗಟ್ಟಿ ಹಗ್ಗ ಹೊಸೆಯುವುದನ್ನು ಕಲಿಸಿದ, ದೇವರ ವಾಕ್ಯವನ್ನೂ ಕಲಿಸಿದ. ಜೇನು ಕೀಳುವವನು ಎರಡನ್ನೂ ಮನಸ್ಸಿಟ್ಟು ಕಲಿತ. ಜೇನಿನ ಕಾಲ ಬಂದಾಗ ಹೆಂಡತಿಯ ಅಣ್ಣನನ್ನು ಕರೆಯಲು ಹೋದ.

"ದೇವ್ರನ್ನ ಬದ್ಲಾಯಿಸ್ಕೊಂಡೆಯಲ್ಲ, ಹಗ್ಗ ಹಿಡಿಯೋನ್ನೂ ಬದ್ಲಾಯಿಸ್ಕೋ ಹೋಗು" ಎಂದು ಅವನು ಬಾಗಿಲು ಹಾಕಿಕೊಂಡ.

"ಹೆದರಬೇಡ, ನಾನಿಲ್ಲವೇ?" ಎಂದ ಉಪದೇಶಿ.

"ನಾನು ಜಗ್ಗಿದ ಕೂಡ್ಲೆ ಎಳ್ಕೊಬೇಕು, ಅಯ್ಯಾ" ಎಂದು ಹೇಳಿ ಜೇನು ಕೀಳುವವನು ಇಳಿದ.

ಸ್ವಲ್ಪ ಹೊತ್ತಿಗೆ ಉಪದೇಶಿಯ ಅಂಗೈ ಉರಿಯತೊಡಗಿತು. ಪಕ್ಕದಲ್ಲೇ ಒಂದು ಮರವಿತ್ತು. ಹಗ್ಗವನ್ನು ಅದಕ್ಕೆ ಬಿಗಿದ. ಗಂಟು ಚೆನ್ನಾಗಿತ್ತು. ಹಗ್ಗವಂತೂ ಅವನೇ ಕಲಿಸಿ ಹೊಸೆಸಿದ್ದು, ಹರಿಯುವ ಮಾತೇ ಇಲ್ಲ. ಆಮೇಲೆ ಆಚೆ ಹೋಗಿ ಮೊಣಕಾಲೂರಿ, ಕಣ್ಣು ಮುಚ್ಚಿ, ಇಳಿದವನಿಗಾಗಿ ಪ್ರಾರ್ಥಿಸಿದ. ಕಣ್ಣೀರಿಟ್ಟು ಪ್ರಾರ್ಥಿಸಿದ. ಅದರಲ್ಲಿ ಕಪಟವೇನೂ ಇರಲಿಲ್ಲ.

ಕೆಳಗೆ ಹುಳು ಓಡಿಸುವ ಹೊಗೆಸೂಡಿ ಆರಿತು. ಜೇನುಹುಳುಗಳು ಎದ್ದವು. ಅವನು ಹಗ್ಗ ಜಗ್ಗಿದ. ಮತ್ತೆ ಜಗ್ಗಿದ. ಕೂಗೋಣವೆಂದು ಬಾಯಿ ತೆರೆದರೆ ಬಾಯೊಳಗೂ ಹುಳು. ಕಾಲ ಕೆಳಗೆ ಬರೀ ಪ್ರಪಾತ. ಮೇಲೆ ಹಗ್ಗ ಕದಲಲಿಲ್ಲ. ಆ ತುದಿಯಲ್ಲಿ ಮನುಷ್ಯನ ಕೈ ಇಲ್ಲವೆಂದು ಅವನಿಗೆ ಆಗ ತಿಳಿಯಿತು. ಹುಳುಗಳಿಗಿಂತಲೂ ಪ್ರಪಾತಕ್ಕಿಂತಲೂ ಹೆಚ್ಚಾಗಿ ಅವನು ಅದಕ್ಕೆ ಹೆದರಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ, ಅಯ್ಯನವರೇ? ಅವನನ್ನು ಯಾರಾದರೂ ಎಳೆದುಕೊಂಡರೇ?"

"ಅವನು ಇನ್ನೂ ಜಗ್ಗುತ್ತಲೇ ಇದ್ದಾನೆ, ನೀನು ಇಲ್ಲಿ ಕುಳಿತು ನನ್ನನ್ನು ಕೇಳುತ್ತಿದ್ದೀಯೆ."