ಬಾಳವ್ವನ ಬೀಸುಕಲ್ಲೂ ಮೌನಾನಂದರ ಸಮಾಧಿಯೂ

ಕುಸುಬೆಗಿರಿ ಅಂತ ಒಂದು ರಾಜ್ಯ. ಅಲ್ಲಿ ಭರಮರಸ ಅಂತ ಒಬ್ಬ ದೊರೆ. ಅವನಿಗೆ ಎರಡೇ ಆಸೆ. ಬಿಸಿ ರೊಟ್ಟಿ ತಿನ್ನಬೇಕು, ದೇವರನ್ನು ಕಾಣಬೇಕು. ಮೊದಲನೆಯದಕ್ಕೆ ಬಾಯಿ ಬೇಕಿತ್ತು, ಅದು ಅವನಿಗಿತ್ತು. ಎರಡನೆಯದಕ್ಕೆ ಬೆಳಗ್ಗೆ ಬೇಗ ಏಳಬೇಕಿತ್ತು, ಅದು ಅವನ ಕೈಲಾಗುತ್ತಿರಲಿಲ್ಲ.

ಅರಮನೆಯ ಹಿತ್ತಲಲ್ಲಿ ಬೀಸುವ ಕೋಣೆ. ಅದರಲ್ಲಿ ಒಂದು ದೊಡ್ಡ ಬೀಸುಕಲ್ಲು. ಕಲ್ಲಿನ ಈಚೆ ಬಾಳವ್ವ, ಆಚೆ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಚಂದವ್ವ. ಒಂದೇ ಗೂಟಕ್ಕೆ ಇಬ್ಬರ ಕೈ. ಕೋಳಿ ಕೂಗುವಾಗ ಕೂತರೆ, ದೊರೆ ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಅರಮನೆಗೆಲ್ಲ ಸಾಕಾಗುವಷ್ಟು ಜೋಳದ ಹಿಟ್ಟು.

ಬೀಸುವಾಗ ಬಾಳವ್ವ ಹಾಡುತ್ತಿದ್ದಳು. ಏನು ಹಾಡುತ್ತಿದ್ದಳು? ದೇವರ ಮೇಲೆಯೇ. ಹೊಗಳುತ್ತಿದ್ದಳು ಅಂದುಕೊಳ್ಳಬೇಡಿ. ಬೈಯುತ್ತಿದ್ದಳು.

ಜೋಳ ಕೊಟ್ಟಿ, ಜೋಡಿಗೆ ಕಲ್ಲೂ ಕೊಟ್ಟಿ, ಶಿವನೇ,
ಆರಿಸೋ ಕಣ್ಣು ಮಾತ್ರ ಮಂಜು ಮಾಡಿ ಇಟ್ಟಿ.
ಮಸಣದಾಗ ಕುಂತು ಬೂದಿ ಬಳಕೊಂತೀಯಲ್ಲೋ,
ಬಾರೋ ಇಲ್ಲಿ, ಒಂದು ಹಿಡಿ ಕಾಳು ಹಾಕಿ ಹೋಗೋ!

ಕೊನೆಯ ಸಾಲನ್ನು ಚಂದವ್ವ ಎತ್ತಿಕೊಳ್ಳುತ್ತಿದ್ದಳು. ಯಾರು ಎಳೆಯಬೇಕು, ಯಾರು ತಳ್ಳಬೇಕು ಅಂತ ಹಾಡೇ ಹೇಳುತ್ತಿತ್ತು. ಕಲ್ಲು ಗಿರ್ರನೆ ತಿರುಗುತ್ತಿತ್ತು. ಹಿಟ್ಟು ನುಣ್ಣಗೆ ಉದುರುತ್ತಿತ್ತು.

ಹೀಗಿರುವಾಗ ಅರಮನೆಗೆ ಮೌನಾನಂದ ಅಂತ ಒಬ್ಬ ಸ್ವಾಮಿ ಬಂದ. ಹೆಸರು ಮೌನಾನಂದ. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಊಟದ ಹೊತ್ತಿನಲ್ಲಿ ತುಂಬಿರುತ್ತಿತ್ತು, ಅಷ್ಟೆ.

"ದೊರೆಯೇ, ದೇವರನ್ನು ಕಾಣುವುದು ಸುಲಭವಲ್ಲ," ಅಂದ ಸ್ವಾಮಿ. "ಕೋಳಿ ಕೂಗುವ ಮುಂಚೆ ಏಳಬೇಕು. ತಣ್ಣೀರು ಹೊಯ್ದುಕೊಳ್ಳಬೇಕು. ಅಲ್ಲಾಡದೆ ಕೂರಬೇಕು."

ತಣ್ಣೀರು ಅಂದ ಕೂಡಲೇ ದೊರೆಗೆ ಮೈ ನಡುಗಿತು. "ಬುದ್ಧಿ, ನನ್ನ ಪರವಾಗಿ ನೀವೇ ನೋಡಿಬಿಟ್ಟರೆ ಆಗುವುದಿಲ್ಲವೇ?"

"ಯಾಕಾಗುವುದಿಲ್ಲ? ದೇಹಕ್ಕೆ ಸ್ವಲ್ಪ ಆಧಾರ ಬೇಕಾಗುತ್ತದೆ. ತುಪ್ಪದ ಹೋಳಿಗೆ ಆದರೆ ಒಳ್ಳೆಯದು."

ಹೀಗೆ ದೊರೆಯ ಪರವಾಗಿ ದೇವರನ್ನು ನೋಡುವ ಉದ್ಯೋಗ ಸ್ವಾಮಿಗೆ ಸಿಕ್ಕಿತು. ಅಡುಗೆಮನೆಗೆ ಹತ್ತಿರ ಅಂತ ಹಿತ್ತಲ ಕೋಣೆಯನ್ನೇ ಆರಿಸಿಕೊಂಡ. ಹೊಟ್ಟೆ ಬಿರಿಯುವಷ್ಟು ಹೋಳಿಗೆ ತಿಂದು, ಕದ ಹಾಕಿಕೊಂಡು ಮಲಗಿದ. ಗೋಡೆಯಾಚೆ ಬೀಸುಕಲ್ಲಿರುವುದು ಅವನಿಗೇನು ಗೊತ್ತು? ಕೋಳಿ ಕೂಗಿತು. ಹಾಡು ಶುರುವಾಯಿತು. ಸ್ವಾಮಿಯ ನಿದ್ದೆ ಹಾರಿಹೋಯಿತು.

ಮೊದಲ ದಿನ ದೊರೆಯ ಹತ್ತಿರ ಹೋಗಿ ಹೇಳಿದ, "ಸಮಾಧಿಯಲ್ಲಿದ್ದೆ. ದೇವರು ಬೀದಿ ತಿರುವಿನಲ್ಲಿ ಕಂಡ. ಆ ಹೆಂಗಸಿನ ಬೈಗುಳ ಕೇಳಿ ಹಿಂದಕ್ಕೆ ಹೋದ."

ಎರಡನೆಯ ದಿನ ಹೇಳಿದ, "ಬಾಗಿಲ ತನಕ ಬಂದಿದ್ದ. ಬೈಗುಳ ಕೇಳಿ ಹಿಂದಕ್ಕೆ ಹೋದ."

ಮೂರನೆಯ ದಿನ ಎದೆ ಬಡಿದುಕೊಂಡ. "ಒಂದು ಕಾಲು ಒಳಗೆ ಇಟ್ಟಿದ್ದ ದೊರೆಯೇ, ಒಂದು ಕಾಲು!"

ದೊರೆ ಬಾಳವ್ವನ ಹಾಡು ನಿಲ್ಲಿಸಿಬಿಟ್ಟ.

ದೊರೆಯ ಆಜ್ಞೆಗೆ ಬಾಳವ್ವ ಹೆದರಲಿಲ್ಲ. ದೇವರು ಹಿಂದಕ್ಕೆ ಹೋದ ಅನ್ನುವ ಮಾತು ಅವಳ ಎದೆಗೆ ಚುಚ್ಚಿತು. ಗಂಡ ಸತ್ತಾಗಿನಿಂದ ಅವಳು ಕಷ್ಟಸುಖ ಆಡಿಕೊಂಡಿದ್ದು, ಜಗಳ ಆಡಿದ್ದು, ನಕ್ಕಿದ್ದು ಎಲ್ಲ ಆ ದೇವರೊಬ್ಬನ ಜೊತೆಗೇ. ಓಡಿಹೋಗಿ ಸ್ವಾಮಿಯ ಕಾಲು ಹಿಡಿದಳು.

"ಯಪ್ಪಾ, ನಾ ಬೈತಿದ್ದದ್ದು ಖರೆ. ಕುಂತು ಕೇಳ್ತಾನ ಅಂತ ತಿಳಿದಿದ್ದೆ. ಎದ್ದು ಹೋಗ್ತಾನ ಅಂತ ಗೊತ್ತಿರಲಿಲ್ಲ."

"ಹಿಟ್ಟಿನ ಧೂಳಿನಲ್ಲಿ ಕೂರುವುದಕ್ಕೆ ದೇವರಿಗೇನು ಗ್ರಹಚಾರವೇ?" ಅಂದ ಸ್ವಾಮಿ. "ಕೆಲಸ ಬೇರೆ, ದೇವರು ಬೇರೆ. ಬಾಯಿ ಮುಚ್ಚಿಕೊಂಡು ಬೀಸು."

ಬಾಳವ್ವ ಬಾಯಿ ಮುಚ್ಚಿಕೊಂಡು ಬೀಸಿದಳು. ಅವಳು ಎಳೆದಾಗ ಚಂದವ್ವನೂ ಎಳೆದಳು. ಚಂದವ್ವ ತಳ್ಳಿದಾಗ ಅವಳೂ ತಳ್ಳಿದಳು. ಕಲ್ಲು ಕುಂಟೆತ್ತಿನ ಹಾಗೆ ನಿಂತು ನಿಂತು ಹೋಯಿತು.

"ಯಕ್ಕಾ, ನೀ ಹಿಟ್ಟು ಬೀಸ್ತೀಯೋ, ನನ್ನ ತೋಳು ಕೀಳ್ತೀಯೋ?" ಅಂದಳು ಚಂದವ್ವ.

"ನೀನೇನು ಕಮ್ಮಿ? ಬಾವಿ ಹಗ್ಗ ಜಗ್ಗಿದಂಗ ಜಗ್ತಿ."

ಉದುರಿದ್ದು ಹಿಟ್ಟಲ್ಲ, ನುಚ್ಚು. ಮೊದಲ ದಿನ ರೊಟ್ಟಿಯ ಅಂಚು ಒಡೆಯಿತು. ಎರಡನೆಯ ದಿನ ನಡುವೆ ತೂತು ಬಿತ್ತು. ಮೂರನೆಯ ದಿನ ಹಂಚಿನಿಂದ ಎತ್ತುವಾಗಲೇ ಚೂರಾಯಿತು. ದೊರೆ ತಾಟು ತಳ್ಳಿ ಎದ್ದು, ಬೀಸುವವರಿಬ್ಬರನ್ನೂ ಕರೆಸಿದ.

"ಇದೇನು ರೊಟ್ಟಿಯೋ, ಒಡೆದ ಗಡಿಗೆಯೋ? ನಾಳೆ ಇಬ್ಬರೂ ಅರಮನೆ ಬಿಟ್ಟು ನಡೆಯಿರಿ!"

"ದೊರೀ, ಹಾಡು ಕೊಡ್ರಿ, ಹಿಟ್ಟು ಕೊಡ್ತೀನಿ," ಅಂದಳು ಬಾಳವ್ವ. "ಹಾಡಿಲ್ಲದ ಇಬ್ಬರ ಕೈ ಕೂಡೂದಿಲ್ರಿ."

ದೊರೆ ಇಕ್ಕಟ್ಟಿಗೆ ಸಿಕ್ಕ. ಹಾಡಿದರೆ ದೇವರಿಲ್ಲ, ಹಾಡದಿದ್ದರೆ ರೊಟ್ಟಿಯಿಲ್ಲ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಸ್ವಾಮಿಯ ಮುಖ ನೋಡಿದ. "ಬುದ್ಧಿ, ಅರಮನೆಯಲ್ಲಿ ಇಷ್ಟೊಂದು ಗಲಾಟೆ. ಇವಳ ಹಾಡೊಂದೇ ಯಾಕೆ ನಿಮ್ಮ ಕಿವಿಗೆ ಬೀಳುತ್ತದೆ?"

ಸ್ವಾಮಿ ತಡವರಿಸಲಿಲ್ಲ. "ಸಮಾಧಿಗೆ ಕೂತರೆ ಲೋಕದ ಮಾತು ನನಗೆ ಕೇಳುವುದಿಲ್ಲ. ಪಕ್ಕದಲ್ಲಿ ನಗಾರಿ ಬಡಿದರೂ ಕೇಳುವುದಿಲ್ಲ. ದೇವರ ಮಾತು ಮಾತ್ರ ಕೇಳುತ್ತದೆ. ಅದು ಕೆಟ್ಟ ಬಾಯಿಂದ ಬಂದರೆ ಕಿವಿಗೆ ಕೆಂಡ ಸುರಿದ ಹಾಗೆ."

"ಹಂಗಾದ್ರ ಒಮ್ಮೆ ಪರೀಕ್ಷೆ ಆಗಲಿ," ಅಂದಳು ಬಾಳವ್ವ. "ಮೂರು ಹಾಡು ಹಾಡ್ತೀನಿ, ಲೋಕದ ಹಾಡು ಒಂದಾದ್ರೂ ನಿಮ್ಮ ಕಿವಿಗೆ ಬಿದ್ರ ನೀವು ಸೋತಂಗ."

"ಆಗಲಿ," ಅಂದ ಸ್ವಾಮಿ. "ನೀನು ಸೋತರೆ ಅರಮನೆಯನ್ನೂ ಬಿಡಬೇಕು, ದೇವರ ಹೆಸರನ್ನೂ ಬಿಡಬೇಕು. ಬೈಯುವುದಕ್ಕೂ ಅವನ ಹೆಸರು ಎತ್ತಬಾರದು."

ಬಾಳವ್ವ ಲೆಕ್ಕ ಹಾಕಿದಳು. ಅರಮನೆ ಹೋದರೆ ಬೇರೆ ಕಲ್ಲು ಸಿಕ್ಕೀತು. ದೇವರು ಹೋದರೆ ಯಾರ ಹತ್ತಿರ ಜಗಳ ಆಡುವುದು? ಆದರೂ ಹೂಂ ಅಂದಳು.

ಸ್ವಾಮಿ ಬೀಸುವ ಕೋಣೆಯ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ಕೂತ. ದೊರೆ ಎದುರಿಗೆ ನಿಂತ. ಹೆಂಗಸರು ಗೂಟ ಹಿಡಿದರು.

ಮೊದಲು ಬಾಳವ್ವ ಶಿವನನ್ನು ಕರೆದಳು. ಇನ್ನೂ ಒಂದು ಸಾಲು ಮುಗಿದಿರಲಿಲ್ಲ, ಸ್ವಾಮಿ ಕಿವಿ ಮುಚ್ಚಿಕೊಂಡು, "ಅಯ್ಯೋ ಕೆಂಡ! ಕೆಂಡ!" ಅಂತ ಹೊರಳಾಡಿದ. ದೊರೆ ಬಾಳವ್ವನತ್ತ ಕಣ್ಣು ಕೆಕ್ಕರಿಸಿದ.

ಎರಡನೆಯ ಸಲ ಅವಳು ಅತ್ತೆಯ ಜಿಪುಣತನದ ಮೇಲೆ ಹಾಡಿದಳು. ಬಾಗಿಲಲ್ಲಿದ್ದ ಆಳುಗಳೆಲ್ಲ ನಕ್ಕರು. ಚಂದವ್ವನಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು. ಸ್ವಾಮಿಯ ರೆಪ್ಪೆಯೂ ಅಲುಗಲಿಲ್ಲ.

"ನೋಡಿದೆಯಾ! ಲೋಕದ ಮಾತು ಕೇಳುವುದೇ ಇಲ್ಲ!" ಅಂತ ದೊರೆ ಕೈ ಮುಗಿದ.

ಬಾಳವ್ವನಿಗೆ ಉಳಿದದ್ದು ಒಂದೇ ಹಾಡು. ಏನೂ ತೋಚಲಿಲ್ಲ. ರೂಢಿಯ ಹಾಗೆ ಮನಸ್ಸಿನಲ್ಲೇ ಬೈದಳು. 'ಏ ಶಿವನೇ, ಇಷ್ಟು ದಿನ ನನ್ನ ಹಾಡು ಬಿಟ್ಟಿ ಕೇಳೀಯಲ್ಲ, ಇವತ್ತು ಒಂದು ಸಾಲು ನೀನೇ ಕೊಡು ನೋಡೋಣು.' ಒಂದು ಹಿಡಿ ಕಾಳು ಹಾಕಿದಳು. ಕಲ್ಲು ಒಂದು ಸುತ್ತು ಬಂತು. ಸಾಲೂ ಬಂತು. ಮಗುವನ್ನು ಮಲಗಿಸುವವಳ ಹಾಗೆ ಮೆಲ್ಲಗೆ ಹಾಡಿದಳು.

ಅಡುಗೆಮನೆ ಕದವ ಹಾಕೂದು ಮರೆತೆ, ತಂಗಿ,
ತುಪ್ಪ ಹಚ್ಚಿದ ಹೋಳಿಗೆ ತಾಟಿನಾಗ ಐತಿ.
ಕರಿ ಬೆಕ್ಕು ಒಳಗ ಹೋತು, ಮೀಸೆ ನೆಕ್ಕೊಂತ ಕುಂತು,
ಮೇಲಿನದು ತಿಂದಾತು, ಕೆಳಗಿನದು ಕೈಗೆ ಬಂತು...

"ಹಚಾ! ಹಚಾ!" ಅಂತ ಸ್ವಾಮಿ ಎದ್ದೇಬಿಟ್ಟ. "ಅದು ನನ್ನ ತಾಟು! ಬೆಕ್ಕನ್ನು ಹೊಡೆಯಿರೋ!" ಅಂತ ಕಾವಿ ಎತ್ತಿಕಟ್ಟಿ ಅಡುಗೆಮನೆಗೆ ಓಡಿದ.

ಅಲ್ಲಿ ಬೆಕ್ಕೂ ಇರಲಿಲ್ಲ, ಹೋಳಿಗೆಯೂ ಇರಲಿಲ್ಲ. ಹಿಂದೆಯೇ ಬಂದ ದೊರೆ ಬಾಗಿಲಲ್ಲಿ ನಿಂತಿದ್ದ.

"ಬುದ್ಧಿ, ಬೆಕ್ಕು ದೇವರೋ, ಹೋಳಿಗೆ ದೇವರೋ?"

ಅವತ್ತು ಮೊದಲ ಸಲ ಮೌನಾನಂದನ ಬಾಯಿ ಖಾಲಿಯಿದ್ದೂ ಮುಚ್ಚಿತ್ತು. ಸಂಜೆಯೊಳಗೆ ಅವನು ಊರ ಗಡಿ ದಾಟಿದ.

ಮಾರನೆಯ ದಿನ ಕಲ್ಲು ಗಿರ್ರನೆ ತಿರುಗಿತು. ರೊಟ್ಟಿ ಹಂಚಿನ ಮೇಲೆ ಪೂರಿಯ ಹಾಗೆ ಉಬ್ಬಿತು. ಹೊಟ್ಟೆ ತುಂಬಿದ ದೊರೆ ಬೀಸುವ ಕೋಣೆಗೆ ಬಂದ.

"ಬಾಳವ್ವಾ, ಇನ್ನು ನನ್ನ ಪರವಾಗಿ ದೇವರನ್ನು ನೀನು ನೋಡು."

"ದೊರೀ, ನಿಮ್ಮ ಪರವಾಗಿ ನಾ ರೊಟ್ಟಿ ತಿಂದ್ರ ನಿಮ್ಮ ಹೊಟ್ಟಿ ತುಂಬತೈತೇನ್ರಿ?" ಅಂದಳು ಬಾಳವ್ವ. "ಚಂದವ್ವಾ, ಸರಿ ಅತ್ತಾಗ. ಬರ್ರಿ ದೊರೀ, ಗೂಟ ಹಿಡೀರಿ."

ದೊರೆ ಕೂತ. ಎಳೆದ, ತಳ್ಳಿದ, ಬೆವರಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತು. "ಎಲ್ಲಿ ದೇವರು? ಎಲ್ಲಿ?" ಅಂತ ಕೇಳುತ್ತಲೇ ಇದ್ದ.

"ಬಂದಾಗ ಹೇಳ್ತೀನಿ. ಮೊದಲು ಕಾಳು ಹಾಕ್ರಿ, ಬರೀ ಕಲ್ಲು ತಿರುಗತೈತಿ."

ಹಾಡಿನ ಜೊತೆ ಕೈ ಕೂಡುವ ಹೊತ್ತಿಗೆ ದೊರೆ ಕೇಳುವುದನ್ನೇ ಮರೆತಿದ್ದ. ಮುಖದ ತುಂಬ ಹಿಟ್ಟು ಮೆತ್ತಿಕೊಂಡು, ಅಪಸ್ವರದಲ್ಲಿ ಶಿವನನ್ನು ಬೈಯುತ್ತಿದ್ದ.

ಇದರ ನೀತಿ ಇಷ್ಟೇ. ದೇವರನ್ನು ಬೇರೆಯವರ ಕೈಲಿ ನೋಡಿಸಲು ಆಗುವುದಿಲ್ಲ. ಕೆಲಸ ಬೇರೆ, ದೇವರು ಬೇರೆ ಅನ್ನುವವನು ಎರಡನ್ನೂ ಮಾಡದವನು. ಮನಸ್ಸಿಟ್ಟು ದುಡಿಯುವವರ ಪಕ್ಕದಲ್ಲಿ ದೇವರು ತಾನಾಗಿ ಬಂದು ಕೂರುತ್ತಾನೆ, ಬೈಸಿಕೊಂಡಾದರೂ ಕೂರುತ್ತಾನೆ.

ಕಥೆ ಆಯಿತು. ಏಳಿ, ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ.