ಉಳಿದ ಸ್ಕ್ರೂ

ಗೀಜಗನ ಲ್ಯಾಪ್‌ಟಾಪ್ ಮುಷ್ಕರ ಹೂಡಿತ್ತು. ಆ ವರ್ಷ ಕಟ್ಟಬೇಕಾದ ಗೂಡುಗಳ ನಕ್ಷೆಯೆಲ್ಲ ಅದರೊಳಗೇ ಇತ್ತು. ಮೊಟ್ಟೆಯಿಡುವ ಕಾಲ ಬೇರೆ ಹತ್ತಿರ ಬಂದಿತ್ತು. ಲ್ಯಾಪ್‌ಟಾಪನ್ನು ಹೊತ್ತು ಗೀಜಗ ಕೋತಿಯ ರಿಪೇರಿ ಅಂಗಡಿಗೆ ಹಾರಿತು.

"ಚಿಂತೆ ಬಿಡಿ, ಗೀಜಗಪ್ಪನವರೇ! ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಿಚ್ಚಿ ಜೋಡಿಸುತ್ತೇನೆ," ಎಂದು ಕೋತಿ ಗಾಜಿನ ಭರಣಿಯೊಂದನ್ನು ಗಲಗಲ ಅಲ್ಲಾಡಿಸಿತು. ಅದರ ಕಂಠದವರೆಗೂ ಪುಟಾಣಿ ಸ್ಕ್ರೂಗಳು. "ನೋಡಿ ನನ್ನ ಅನುಭವ! ರಿಪೇರಿ ಮಾಡಿದಾಗಲೆಲ್ಲ ಮಿಕ್ಕಿದ ಸ್ಕ್ರೂಗಳಿವು."

ಗೀಜಗ ಲ್ಯಾಪ್‌ಟಾಪನ್ನು ರೆಕ್ಕೆಯಡಿಗೆ ಎಳೆದುಕೊಂಡು ಎದುರಿದ್ದ ಏಡಿಯ ಅಂಗಡಿಗೆ ನಡೆಯಿತು. ಏಡಿ ಆಗಷ್ಟೇ ಜೋಡಿಸಿದ ಮೊಲದ ಲ್ಯಾಪ್‌ಟಾಪನ್ನು ಮತ್ತೆ ಬಿಚ್ಚುತ್ತಿತ್ತು.

"ಏನಾಯಿತು, ಏಡಿಯಣ್ಣ?"

"ಒಂದು ಸ್ಕ್ರೂ ಉಳಿದುಬಿಟ್ಟಿದೆ, ಸ್ವಾಮಿ. ಎಲ್ಲಿಯದೆಂದು ಗೊತ್ತಾಗುವವರೆಗೆ ನಿಮ್ಮದಕ್ಕೆ ಕೈ ಹಾಕಲಾರೆ. ಅವಸರವಿದ್ದರೆ ಎದುರಂಗಡಿಗೆ ಹೋಗಿ."

ಕೋತಿ ತನ್ನ ಬಾಗಿಲಲ್ಲೇ ನಿಂತು ಹಲ್ಲು ಕಿರಿಯಿತು. "ಒಂದೇ ಒಂದು ಸ್ಕ್ರೂಗೆ ಇಷ್ಟು ಪರದಾಟ! ಇವನನ್ನು ನಂಬುತ್ತೀರಾ?"

ಗೀಜಗ ಲ್ಯಾಪ್‌ಟಾಪನ್ನು ಏಡಿಯ ಮುಂದಿಟ್ಟು ಪಕ್ಕದಲ್ಲೇ ಕೂತಿತು.

"ನಿಧಾನವಾಗಿ ಹುಡುಕಣ್ಣ," ಎಂದಿತು. "ನಾಳೆ ನನ್ನದರಲ್ಲಿ ಉಳಿದರೂ ನೀನು ಹೀಗೇ ಹುಡುಕುತ್ತೀಯಲ್ಲ."