ಸುಣ್ಣ ತುಂಬದ ಶಾಸನ

ಎಂದಿನಂತೆ ಬೆಳಗಿನ ಗಂಜಿ ಮುಗಿದಿತ್ತು. ಬಟ್ಟಲು ತೊಳೆಯುತ್ತಿದ್ದ ಶಿಷ್ಯರಿಗೆ ಗುರುಗಳು ಹೇಳಿದರು:

"ನಾಳೆ ಶಾಸನವನ್ನು ಬೊಮ್ಮ ಓದಲಿ. ಕೇತಯ್ಯ, ನೀನು ಅಕ್ಷರಗಳಿಗೆ ಸುಣ್ಣ ತುಂಬು."

ಕೇತಯ್ಯ ತೊಳೆದ ಬಟ್ಟಲನ್ನೇ ಮತ್ತೆ ತೊಳೆದ.

ನಾಡು ಕಟ್ಟಿದ ಮಂತ್ರಿ ಮಾಚರಸರು ಹೊಳೆಯ ದಡದಲ್ಲಿ ನಿಲ್ಲಿಸಿದ ಕಲ್ಲು ಅದು. 'ಈ ನಾಡಿನಲ್ಲಿ ಯಾರೂ ಯಾರ ಸೊತ್ತೂ ಅಲ್ಲ' ಎಂದು ಶುರುವಾಗುವ ಉದ್ದನೆಯ ಶಾಸನವನ್ನು ಅದರಲ್ಲಿ ಕೆತ್ತಿದೆ. ವರ್ಷಕ್ಕೊಮ್ಮೆ ಜನ ಸೇರಿದಾಗ ಆಶ್ರಮದ ಒಬ್ಬ ಶಿಷ್ಯ ಅದನ್ನು ಓದುತ್ತಾನೆ. ಹೋದ ವರ್ಷ ಓದಿದವನು ಕೇತಯ್ಯ. ಬೊಮ್ಮ ಆಚೆ ದಡದಿಂದ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ.

ಮಧ್ಯಾಹ್ನವೆಲ್ಲ ಬೊಮ್ಮನ ಓದು ಕೇಳಿಸುತ್ತಿತ್ತು. ಅವನು ತಡವರಿಸಿದಾಗಲೆಲ್ಲ ಗುರುಗಳು "ನಿಧಾನ, ಮಗು" ಎನ್ನುತ್ತಿದ್ದರು.

ತನಗೆ ಹಾಗೆ ಅಂದದ್ದು ಕೇತಯ್ಯನಿಗೆ ನೆನಪಿರಲಿಲ್ಲ.

ಸಂಜೆ ಗುರುಗಳು ಕಲ್ಲಿನ ಬಳಿ ಬಂದರು. ಕೇತಯ್ಯ ಸುಮ್ಮನೆ ಕೂತಿದ್ದ. ಸುಣ್ಣ ಕುಡಿಕೆಯಲ್ಲೇ ಒಣಗಿತ್ತು.

"ಯಾಕಪ್ಪಾ?"

"ಮಾಚರಸರ ಮನೆಯಲ್ಲಿ ತೊತ್ತುಗಳಿದ್ದರು, ಗುರುಗಳೇ. ಕೊಂಡು ತಂದವರು. ಸಾಯುವವರೆಗೂ ಒಬ್ಬರಿಗೂ ಬಿಡುಗಡೆ ಕೊಡಲಿಲ್ಲ. ಅಂಥವರ ಮಾತನ್ನು ಯಾಕೆ ಓದಬೇಕು?"

"ನಿಜ. ನಿನಗೆ ಯಾವಾಗ ತಿಳಿಯಿತು?"

ಕೇತಯ್ಯ ಹೊಳೆಯತ್ತ ನೋಡಿದ. "ಹೋದ ವರ್ಷ."

"ಓದಿದ ಮೇಲೋ?"

"ಮೊದಲು."

"ಆದರೂ ಚೆನ್ನಾಗಿ ಓದಿದೆಯಪ್ಪ."

ಗುರುಗಳು ಕುಡಿಕೆಗೆ ನೀರು ಹಾಕಿ ಸುಣ್ಣ ಕಲಸತೊಡಗಿದರು.

ಕೇತಯ್ಯನ ಮುಖ ಬಿಸಿಯಾಯಿತು. "ನನ್ನ ಮಾತು ಬಿಡಿ. ಅವರು ಮಾಡಿದ್ದು ತಪ್ಪಲ್ಲವೇ?"

"ತಪ್ಪು."

"ಹಾಗಾದರೆ ಈ ಮಾತೂ ಸುಳ್ಳು."

ಗುರುಗಳು ಕಡ್ಡಿಯಿಂದ ಮೊದಲ ಅಕ್ಷರಕ್ಕೆ ಸುಣ್ಣ ತುಂಬಿದರು. ಅದು ಬೆಳ್ಳಗೆ ಎದ್ದು ಕಂಡಿತು.

ಕೇತಯ್ಯ ಆ ಅಕ್ಷರವನ್ನೇ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ಬೆಳಗಿನಿಂದ ಕೇಳಬೇಕೆಂದಿದ್ದನ್ನೇ ಕೇಳಿದ.

"ಬೊಮ್ಮನೇ ಯಾಕೆ, ಗುರುಗಳೇ?"

"ಈ ಕಲ್ಲು ನಿಲ್ಲಿಸಿದ ದಿನ ನಾನು ಚಿಕ್ಕವನು. ಅಪ್ಪನ ಹೆಗಲ ಮೇಲಿದ್ದೆ. ಮಾಚರಸರು ತಾವೇ ಓದಿದರು. ಬಿಸಿಲು ಜೋರಿತ್ತು. ಅವರಿಗೆ ಕೊಡೆ ಹಿಡಿದು ನಿಂತಿದ್ದ ತೊತ್ತು, ಬೊಮ್ಮನ ಅಜ್ಜಿ."

"ಅವಳಿಗೆ ಕೇಳಿಸಿತೇ?"

ಗುರುಗಳು ಕಡ್ಡಿಯನ್ನು ಕೇತಯ್ಯನ ಕೈಗೆ ಕೊಟ್ಟರು.

"ಓದು ಮುಗಿದಾಗ ಅವಳು ಹೊಳೆಯ ನಡುವೆ, ಆಚೆ ದಡದತ್ತ ಈಜುತ್ತಿದ್ದಳು. ಕೊಡೆ ಇಲ್ಲಿ ಬಿದ್ದಿತ್ತು."